ಮನೆಯೇ ನಡುರಸ್ತೆಯಲ್ಲಿ ಕೆಟ್ಟು ನಿಂತರೆ...?

ಗಾಡಿ ಕೆಡುವುದೆಂದರೆ ನಮ್ಮ ಸಿನಿಮಾಗಳಲ್ಲಿ ಶುಭಶಕುನ! ನಾಯಕಿಯ ಕಾರು ಕೆಡಲೇಬೇಕು, ಕೆಟ್ಟರೆ ಮಳೆ ಸುರಿಯಲೇಬೇಕು, ಮಳೆ ಸುರಿದರೆ ನಾಯಕ ಬಂದು ಬಾನೆಟ್ ಎತ್ತಲೇಬೇಕು. ಯಾವುದೋ ಒಂದು ವೈರನ್ನು ಆತ ಹೀಗೆ ಮುಟ್ಟಿದ್ದೇ ತಡ, ಇಂಜಿನ್ನೂ ಸ್ಟಾರ್ಟ್, ಪ್ರೇಮವೂ ಸ್ಟಾರ್ಟ್! 1958ರ ‘ಚಲ್ತೀ ಕಾ ನಾಮ್ ಗಾಡಿ’ಯಲ್ಲಿ ಮಳೆಯಲ್ಲಿ ತೊಯ್ದ ಮಧುಬಾಲಾ ಕಿಶೋರ್ ಕುಮಾರನ ಗ್ಯಾರೇಜಿಗೆ ಬಂದು, ಕಾರು ರಿಪೇರಿ ಮಾಡಿಸಿಕೊಂಡು, 5 ರೂಪಾಯಿ 12 ಆಣೆ ಕೂಲಿ ಕೊಡದೆ ಹೊರಟುಹೋಗುತ್ತಾಳೆ. ಆ ಬಾಕಿ ವಸೂಲಿಗೆ ಹೋದವನು ಮನಸ್ಸನ್ನೇ ಕೊಟ್ಟು ಬರುತ್ತಾನೆ. ಈ 5 ರೂಪಾಯಿ 12 ಆಣೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಹೇಳಿ ಮಿತ್ರರೇ, ಕೆಟ್ಟು ನಿಂತದ್ದು ಕಾರಲ್ಲ, ಮನೆ ಅಂತಾದರೆ?

ಹೌದು, ಮನೆಯೇ! ಒಲೆ, ಹಾಸಿಗೆ, ಕಕ್ಕಸು, ಬಟ್ಟೆಬರೆ ಎಲ್ಲವನ್ನೂ ಚಕ್ರದ ಮೇಲೆ ಹೊತ್ತು ಹೊರಟ ಮನೆ. ಅಮೆರಿಕದವರು ಇದಕ್ಕೆ ಮೋಟಾರ್‌ಹೋಮ್ ಅಂತಾರೆ, ಆರ್.ವಿ. ಅಂತಾರೆ. ನಮ್ಮ ಚಿತ್ರರಸಿಕರಿಗೆ ಗೊತ್ತಿರುವುದು ಕ್ಯಾರವಾನ್. ಶಾಟ್ ಮುಗಿದ ಕೂಡಲೇ ಸ್ಟಾರ್ ಹೊಕ್ಕು ಬಾಗಿಲು ಹಾಕಿಕೊಳ್ಳುವ ಎ.ಸಿ. ಗಾಡಿ. ಅದು ಕೆಟ್ಟರೆ ಪ್ರೊಡಕ್ಷನ್ ಮ್ಯಾನೇಜರನಿಗೆ ತಲೆನೋವು, ಅಷ್ಟೆ. ಸ್ಟಾರ್ ಕಾರು ಹತ್ತಿ ಹೋಟೆಲಿಗೆ ಹೋಗುತ್ತಾರೆ. ಆದರೆ ಹೋಗಲು ಹೋಟೆಲಿಲ್ಲದವನ, ಆ ಗಾಡಿ ಬಿಟ್ಟರೆ ಬೇರೆ ಸೂರೇ ಇಲ್ಲದವನ ಕಥೆ ಏನು? ಹಾಲಿವುಡ್ಡಿನವರು ಇದನ್ನು ಮತ್ತೆ ಮತ್ತೆ ಚಿತ್ರ ಮಾಡಿದ್ದಾರೆ. ಕೆಲವರು ನಿಜ ಹೇಳಿದ್ದಾರೆ. ಕೆಲವರು ಬರೀ ರೀಲು ಬಿಟ್ಟಿದ್ದಾರೆ!

ತಳ್ಳು, ಓಡು, ಹತ್ತು!

ನಿಜ ಹೇಳಿದವರಿಂದಲೇ ಶುರು ಮಾಡೋಣ. 2006ರ ‘ಲಿಟಲ್ ಮಿಸ್ ಸನ್‌ಶೈನ್’. ಜೋನಾಥನ್ ಡೇಟನ್ ಮತ್ತು ವ್ಯಾಲೆರಿ ಫಾರಿಸ್ ಎಂಬ ಗಂಡ-ಹೆಂಡತಿ ಜೋಡಿಯ ನಿರ್ದೇಶನ. ಅಲ್ಬುಕರ್ಕಿ ಎಂಬ ಊರಿನಿಂದ ಕ್ಯಾಲಿಫೋರ್ನಿಯಾದ ಕಡಲ ತೀರಕ್ಕೆ ಸುಮಾರು 1,300 ಕಿಲೋಮೀಟರ್ ಪ್ರಯಾಣ. ಪುಟ್ಟ ಹುಡುಗಿಯೊಬ್ಬಳು ಸೌಂದರ್ಯ ಸ್ಪರ್ಧೆಗೆ ಹೋಗಬೇಕು. ವಿಮಾನಕ್ಕೆ ದುಡ್ಡಿಲ್ಲ. ಮನೆಮಂದಿಯೆಲ್ಲ ಹಳೆಯ ಹಳದಿ ಫೋಕ್ಸ್‌ವ್ಯಾಗನ್ ಬಸ್ಸಿನಲ್ಲಿ ತುರುಕಿಕೊಂಡು ಹೊರಡುತ್ತಾರೆ. ಸೋತ ಅಪ್ಪ, ಸುಸ್ತಾದ ಅಮ್ಮ, ಬಾಯಿ ಹರುಕ ಅಜ್ಜ, ಮಾತು ಬಿಟ್ಟ ಅಣ್ಣ, ಸಾಯಲು ಹೋಗಿ ಬದುಕಿ ಬಂದ ಸೋದರಮಾವ. ಒಬ್ಬರಿಗೊಬ್ಬರು ಆಗಿ ಬರುವುದಿಲ್ಲ. ದಾರಿಯಲ್ಲಿ ಕ್ಲಚ್ ಹೋಯಿತು!

ಮೆಕ್ಯಾನಿಕ್ ಕೈ ತೊಳೆದುಕೊಂಡು ಹೇಳುತ್ತಾನೆ, ಬಿಡಿಭಾಗ ಬರಲು ಗುರುವಾರ ಆಗುತ್ತೆ. ಸ್ಪರ್ಧೆ ಇರುವುದು ಭಾನುವಾರ. ಆದರೆ ಪುಣ್ಯಾತ್ಮ ಒಂದು ಉಪಾಯವನ್ನೂ ಹೇಳಿಕೊಡುತ್ತಾನೆ. ಕ್ಲಚ್ ಮುಖ್ಯವಾಗಿ ಬೇಕಾಗುವುದು ನಿಂತ ಗಾಡಿಯನ್ನು ಎಬ್ಬಿಸಲು. ಗಂಟೆಗೆ 25-30 ಕಿಲೋಮೀಟರ್ ವೇಗ ಬರುವ ತನಕ ತಳ್ಳಿ, ನೇರವಾಗಿ ಮೂರನೇ ಗೇರಿಗೆ ಹಾಕಿಬಿಡಿ!

ಇದು ರೀಲಲ್ಲ ಸ್ವಾಮಿ, ಅಪ್ಪಟ ನಿಜ. ಚಕ್ರದ ವೇಗಕ್ಕೂ ಇಂಜಿನ್ನಿನ ವೇಗಕ್ಕೂ ಹೊಂದಿಕೆ ಬಂದಾಗ ಗೇರು ಕ್ಲಚ್ ಇಲ್ಲದೆಯೂ ಕೂರುತ್ತದೆ. ನಮ್ಮ ಹಳೇ ಲಾರಿ ಡ್ರೈವರುಗಳನ್ನು ಕೇಳಿ ನೋಡಿ, ನಕ್ಕು ಬೀಡಿ ಹಚ್ಚುತ್ತಾರೆ. ತೊಂದರೆ ಇರುವುದು ನಿಲ್ಲಿಸುವಾಗ. ನಿಲ್ಲಿಸಿದರೆ ಮತ್ತೆ ತಳ್ಳಬೇಕು. ಆದ್ದರಿಂದ ಇಳಿಜಾರು ಕಂಡಲ್ಲೇ ನಿಲ್ಲಿಸಬೇಕು. ಒಂದು ದೃಶ್ಯದಲ್ಲಿ ಮಗುವನ್ನು ಪೆಟ್ರೋಲ್ ಬಂಕಿನಲ್ಲೇ ಮರೆತು ಬಂದಿರುತ್ತಾರೆ. ವಾಪಸು ಹೋದರೂ ಬಸ್ಸು ನಿಲ್ಲಿಸುವ ಹಾಗಿಲ್ಲ. ಚಲಿಸುವ ಬಸ್ಸಿಗೇ ಮಗುವನ್ನು ಎತ್ತಿಕೊಳ್ಳುತ್ತಾರೆ. ನೀವು ಶಿಳ್ಳೆ ಹೊಡೆಯದಿದ್ದರೆ ಕೇಳಿ!

ಚಿತ್ರಕಥೆ ಬರೆದ ಮೈಕೆಲ್ ಆರ್ನ್ಟ್ ಇದನ್ನು ಕುರ್ಚಿಯಲ್ಲಿ ಕೂತು ಕಲ್ಪಿಸಿದ್ದಲ್ಲ. ಅವರು ಹುಡುಗರಾಗಿದ್ದಾಗ ಅವರ ಕುಟುಂಬ ಕ್ಲಚ್ ಕೆಟ್ಟ ಫೋಕ್ಸ್‌ವ್ಯಾಗನ್ ಬಸ್ಸಿನಲ್ಲೇ ದೂರ ಪ್ರಯಾಣ ಮಾಡಿತ್ತು. ಆ ನೆನಪಿಗೆ 2007ರಲ್ಲಿ ಆಸ್ಕರ್ ಬಂತು. ಅಜ್ಜನ ಪಾತ್ರದ ಆಲನ್ ಆರ್ಕಿನ್‌ಗೂ ಒಂದು. ನನ್ನ ಲೆಕ್ಕದಲ್ಲಿ ಮೂರನೆಯದನ್ನು ಆ ಬಸ್ಸಿಗೇ ಕೊಡಬೇಕಿತ್ತು. ಒಬ್ಬರ ಮುಖ ಒಬ್ಬರು ನೋಡದ ಮಂದಿಯನ್ನು ಒಂದೇ ಬಂಪರಿಗೆ ಕೈ ಹಚ್ಚುವಂತೆ ಮಾಡಿದ್ದು ಅದೇ ತಾನೆ?

ನಾಲ್ಕು ದಿನದ ಮರುಭೂಮಿ

ಅದೇ ಅಲ್ಬುಕರ್ಕಿ, ಇನ್ನೊಂದು ಗಾಡಿ. ‘ಬ್ರೇಕಿಂಗ್ ಬ್ಯಾಡ್’ ಟೀವಿ ಧಾರಾವಾಹಿಯನ್ನು ನೋಡದ ಹುಡುಗರು ಈಗ ಕಡಿಮೆ. ರಸಾಯನಶಾಸ್ತ್ರದ ಮೇಷ್ಟ್ರು ಮತ್ತು ಅವನ ಹಳೇ ಶಿಷ್ಯ, 1986ರ ಬೌಂಡರ್ ಮೋಟಾರ್‌ಹೋಮಿನಲ್ಲಿ ಮಾದಕವಸ್ತು ಬೇಯಿಸಲು ಮರುಭೂಮಿಗೆ ಹೋಗುತ್ತಾರೆ. 2009ರಲ್ಲಿ ಪ್ರಸಾರವಾದ ‘4 ಡೇಸ್ ಔಟ್’ ಎಂಬ ಕಂತಿನಲ್ಲಿ ಶಿಷ್ಯ ಕೀಲಿಯನ್ನು ಗಾಡಿಯ ಇಗ್ನಿಷನ್ನಿನಲ್ಲೇ ಬಿಟ್ಟ. ಬ್ಯಾಟರಿ ಖಲಾಸ್! ಜನರೇಟರ್ ಹಚ್ಚಿದರೆ ಬೆಂಕಿ ಹತ್ತಿಕೊಂಡಿತು. ಅದನ್ನು ಆರಿಸಲು ಶಿಷ್ಯ ಸುರಿದದ್ದು ಕುಡಿಯುವ ನೀರು. ಫೋನ್ ಮಾಡಿ ಕರೆದ ಗೆಳೆಯ ದಾರಿ ತಪ್ಪಿ ಇನ್ನೆಲ್ಲಿಗೋ ಹೋದ. ಇಲ್ಲಿಯವರೆಗೆ ಎಲ್ಲ ನಿಜ ಮಾರಾಯರೇ. ಒಂದು ಸಣ್ಣ ಮರೆವು ಹೇಗೆ ಒಂದರ ಹಿಂದೆ ಒಂದನ್ನು ಎಳೆದು ತರುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ್ದು ನಾನು ಬೇರೆಲ್ಲೂ ನೋಡಿಲ್ಲ.

ಆಮೇಲೆ ರೀಲು ಶುರು! ಮೇಷ್ಟ್ರು ಸತು ಲೇಪದ ನಟ್ಟು-ಬೋಲ್ಟು, ಬ್ರೇಕ್ ಪ್ಯಾಡು, ಸ್ಪಂಜು, ತಾಮ್ರದ ತಂತಿ ಎಲ್ಲ ಸೇರಿಸಿ ಬ್ಯಾಟರಿ ತಯಾರಿಸಿಯೇ ಬಿಡುತ್ತಾನೆ. ಸತು ಮತ್ತು ಪಾದರಸದ ಆಕ್ಸೈಡಿನಿಂದ ಕರೆಂಟು ಬರುವುದು ಸುಳ್ಳಲ್ಲ, ಒಂದು ಕೋಶಕ್ಕೆ ಸುಮಾರು 1.35 ವೋಲ್ಟ್. ಆದರೆ ಗಾಡಿಗೆ ಬೇಕಾದದ್ದು 12 ವೋಲ್ಟ್. ಒಂಬತ್ತು ಕೋಶ ಜೋಡಿಸಿದರೂ ಮುಗಿಯಲಿಲ್ಲ. ಅಷ್ಟು ದೊಡ್ಡ ಇಂಜಿನ್ನಿನ ಸ್ಟಾರ್ಟರ್ ಮೋಟಾರು ಒಂದು ಗುಟುಕಿಗೆ ನೂರಾರು ಆಂಪಿಯರ್ ಎಳೆಯುತ್ತದೆ. ಸ್ಪಂಜಿನ ಬ್ಯಾಟರಿ ಅದನ್ನು ಎಲ್ಲಿಂದ ತರಬೇಕು? ಇನ್ನೊಂದು ಪ್ರಶ್ನೆ. ಬ್ರೇಕ್ ಪ್ಯಾಡನ್ನೇ ಬ್ಯಾಟರಿ ಮಾಡಿದ ಮೇಲೆ, ಸ್ಟಾರ್ಟ್ ಆದ ಗಾಡಿಯನ್ನು ನಿಲ್ಲಿಸೋದು ಹೇಗೆ ಮೇಷ್ಟ್ರೇ?

ಹಾಗಾದರೆ ಇದನ್ನೂ ತಳ್ಳಬಹುದಿತ್ತಲ್ಲ ಅಂತೀರಾ? ಆಗಲ್ಲ. ಇಂಥ ದೊಡ್ಡ ಮೋಟಾರ್‌ಹೋಮ್‌ಗಳಿಗೆ ಸಾಮಾನ್ಯವಾಗಿ ಆಟೋಮ್ಯಾಟಿಕ್ ಗೇರು. ಅಲ್ಲಿ ಇಂಜಿನ್ನಿಗೂ ಚಕ್ರಕ್ಕೂ ನಡುವಿನ ಕೊಂಡಿ ಎಣ್ಣೆಯ ಒತ್ತಡದ್ದು. ಆ ಒತ್ತಡ ಹುಟ್ಟಬೇಕಾದರೆ ಇಂಜಿನ್ ಓಡುತ್ತಿರಬೇಕು. ಚಕ್ರ ಎಷ್ಟು ತಿರುಗಿದರೂ ಇಂಜಿನ್ ತಿರುಗುವುದಿಲ್ಲ. ಊರಿನ ಗಂಡಸರೆಲ್ಲ ಸೇರಿ ತಳ್ಳಿದರೂ ವ್ಯಾಯಾಮ ಆಗುತ್ತದೆ ಅಷ್ಟೆ.

ಅಸಲು ದಾರಿ ಬೇರೆ ಇದೆ. ಮೋಟಾರ್‌ಹೋಮಿಗೆ ಎರಡು ಬಗೆಯ ಬ್ಯಾಟರಿ. ಒಂದು ಇಂಜಿನ್ ಎಬ್ಬಿಸಲು, ಇನ್ನೊಂದು ಮನೆಗೆ, ಅಂದರೆ ದೀಪ, ಫ್ಯಾನು, ನೀರಿನ ಪಂಪಿಗೆ. ಎರಡನ್ನೂ ಬೇರೆ ಬೇರೆ ಇಡುವುದೇ ರಾತ್ರಿಯಿಡೀ ದೀಪ ಉರಿದರೂ ಬೆಳಗ್ಗೆ ಗಾಡಿ ಏಳಲಿ ಎಂದು. ಇಂಜಿನ್ ಬ್ಯಾಟರಿ ಸತ್ತರೆ ಮನೆಯ ಬ್ಯಾಟರಿಯಿಂದ ಕ್ಷಣಕಾಲ ಸಾಲ ಪಡೆಯುವ ಸ್ವಿಚ್ಚು ಎಷ್ಟೋ ಗಾಡಿಗಳಲ್ಲಿ ಡ್ರೈವರ್ ಮುಂದೆಯೇ ಇರುತ್ತದೆ. ಅದೂ ಇಲ್ಲವಾದರೆ ಇನ್ನೊಂದು ಗಾಡಿಯಿಂದ ಕೇಬಲ್. ಕೆಂಪನ್ನು ಪ್ಲಸ್ಸಿನಿಂದ ಪ್ಲಸ್ಸಿಗೆ ಕೊಡಿ. ಕಪ್ಪಿನ ಒಂದು ತುದಿ ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ, ಕೊನೆಯ ತುದಿ ಸತ್ತ ಗಾಡಿಯ ಇಂಜಿನ್ನಿನ ಬರಿಯ ಲೋಹಕ್ಕೆ. ಸತ್ತ ಬ್ಯಾಟರಿಯ ಮೇಲೆಯೇ ಕಿಡಿ ಹಾರಿಸಬೇಡಿ, ಅದರಿಂದ ಬರುವ ಗಾಳಿ ಹೊತ್ತಿಕೊಳ್ಳುವಂಥದ್ದು. ಸಹಾಯಕ್ಕೆ ಫೋನ್ ಮಾಡುವಾಗ ‘ಇಲ್ಲೇ, ಆ ಹೊಟೇಲ್ ದಾಟಿ’ ಅನ್ನಬೇಡಿ. ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲಿನ ಅಂಕೆ ಹೇಳಿ.

ಕಲ್ಲುಗಳ ಸಹವಾಸ

1954ರ ‘ದಿ ಲಾಂಗ್, ಲಾಂಗ್ ಟ್ರೇಲರ್’ ಹಳೇ ಕಾಲದ ನಗೆಚಿತ್ರ. ಲೂಸಿಲ್ ಬಾಲ್, ದೇಸಿ ಅರ್ನಾಜ್ ಜೋಡಿ. ಇಲ್ಲಿರುವುದು ಮೋಟಾರ್‌ಹೋಮ್ ಅಲ್ಲ, ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆ. ಹೆಂಡತಿಗೆ ಹೋದಲ್ಲೆಲ್ಲ ಕಲ್ಲು ಆರಿಸುವ ಹುಚ್ಚು. ಬೆಟ್ಟ ಹತ್ತುವ ಮುಂಚೆ ಗಂಡ ಎಸೆ ಎಂದರೆ ಒಳಗೇ ಬಚ್ಚಿಡುತ್ತಾಳೆ. ಕಿರಿದಾದ ಬೆಟ್ಟದ ರಸ್ತೆ, ಪಕ್ಕದಲ್ಲಿ ಪ್ರಪಾತ, ಒಳಗೆ ಉರುಳಾಡುವ ಕಲ್ಲುಗಳು! ನಗುತ್ತಾ ನೋಡಿ, ಆದರೆ ಭಾರ ಎನ್ನುವುದು ತಮಾಷೆಯಲ್ಲ. ಟೈರು, ಬ್ರೇಕು, ಇಂಜಿನ್ ಮೂರೂ ಕಾಯುವುದು ಅದರಿಂದಲೇ. ಈಗ ನಮ್ಮ ಹುಡುಗರೂ ಟೆಂಪೋ ಟ್ರಾವೆಲರನ್ನು ಮನೆ ಮಾಡಿಕೊಂಡು ಊರೂರು ಸುತ್ತುವ ಕನಸು ಕಾಣುತ್ತಿದ್ದಾರೆ. ಮಂಚ, ಫ್ರಿಜ್ಜು, ನೀರಿನ ಟ್ಯಾಂಕು ತುಂಬಿಕೊಂಡು ಚಾರ್ಮಾಡಿಯೋ ಆಗುಂಬೆಯೋ ಇಳಿಯುವಾಗ ಬ್ರೇಕನ್ನೇ ನಂಬಿದರೆ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಬ್ರೇಕೇ ಬರುವುದಿಲ್ಲ. ಕೆಳಗಿನ ಗೇರಿನಲ್ಲಿ ಇಳಿಯಿರಿ. ಹತ್ತುವಾಗ ಇಂಜಿನ್ ಕಾದರೆ ಎ.ಸಿ. ಆರಿಸಿ ಹೀಟರ್ ಹಾಕಿ. ಬೆವರು ಸುರಿಯುತ್ತದೆ, ಸುರಿಯಲಿ ಬಿಡಿ, ಇಂಜಿನ್ನಿನ ಬಿಸಿ ಒಂದಿಷ್ಟು ನಿಮ್ಮ ಕಡೆ ಬರುತ್ತದೆ. ಕಾದ ರೇಡಿಯೇಟರಿನ ಮುಚ್ಚಳಕ್ಕಂತೂ ಕೈ ಹಾಕಬೇಡಿ.

ರಾಬಿನ್ ವಿಲಿಯಮ್ಸ್ ನಟಿಸಿದ ‘ಆರ್.ವಿ.’ (2006) ಚಿತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಕ್ಕಸಿನ ಟ್ಯಾಂಕಿನ ಹಾಸ್ಯಕ್ಕೆ ಅಷ್ಟು ದೊಡ್ಡ ನಟ ಬೇಕಿರಲಿಲ್ಲ. ಒಂದು ಮಾತ್ರ ಸರಿಯಾಗಿದೆ. ಅದರ ಹ್ಯಾಂಡ್‌ಬ್ರೇಕ್ ನಿಲ್ಲುವುದಿಲ್ಲ, ಗಾಡಿ ತಾನಾಗಿ ಹೊರಟುಬಿಡುತ್ತದೆ. ನಮ್ಮ ಲಾರಿ ಕ್ಲೀನರ್ ಗಾಡಿ ನಿಲ್ಲುತ್ತಲೇ ಜಿಗಿದು ಚಕ್ರಕ್ಕೆ ಕಲ್ಲು ಕೊಡುವುದು, ಹಿಂದೆ ಹಸಿರು ಸೊಪ್ಪು ಸಿಕ್ಕಿಸುವುದು ಸುಮ್ಮನೆ ಅಲ್ಲ. ಹೊರಡುವಾಗ ಆ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುತ್ತಾರೆ ನೋಡಿ, ಅದು ಮಾತ್ರ ಪಾಪದ ಕೆಲಸ. ರಾತ್ರಿ ಬೈಕಿನಲ್ಲಿ ಬರುವವನು ನಿಮ್ಮಂಥ ಹುಡುಗನೇ ಆಗಿರುತ್ತಾನೆ.

2,300 ಡಾಲರ್

ನಗು ಇಲ್ಲಿಗೆ ಸಾಕು. ಈಗ ‘ನೊಮ್ಯಾಡ್‌ಲ್ಯಾಂಡ್’ (2020). ನಿರ್ದೇಶಕಿ ಕ್ಲೋಯಿ ಝಾವ್, ನಾಯಕಿ ಫ್ರಾನ್ಸಸ್ ಮ್ಯಾಕ್‌ಡಾರ್ಮಂಡ್. 2021ರಲ್ಲಿ ಉತ್ತಮ ಚಿತ್ರ, ಉತ್ತಮ ನಿರ್ದೇಶನ, ಉತ್ತಮ ನಟಿ, ಮೂರೂ ಆಸ್ಕರ್ ಇದಕ್ಕೇ.

ನೆವಾಡದ ಎಂಪೈರ್ ಎಂಬ ಪುಟ್ಟ ಊರು. ಊರಿಗೆ ಒಂದೇ ಜಿಪ್ಸಂ ಕಾರ್ಖಾನೆ. 2011ರಲ್ಲಿ ಅದಕ್ಕೆ ಬೀಗ ಬಿತ್ತು, ಜನ ಗುಳೆ ಎದ್ದರು, ಕೊನೆಗೆ ಊರಿನ ಪಿನ್ ಕೋಡನ್ನೇ ರದ್ದು ಮಾಡಿದರು. ಇದು ನಡೆದ ಸಂಗತಿ. ಕಥಾನಾಯಕಿ ಫರ್ನ್ ಆ ಊರಿನವಳು. ಗಂಡ ಸತ್ತ, ಕೆಲಸ ಹೋಯಿತು, ಮನೆ ಹೋಯಿತು. ಹಳೇ ಬಿಳಿ ವ್ಯಾನೊಂದರಲ್ಲಿ ತಾನೇ ಕೈಯಾರೆ ಹಾಸಿಗೆ-ಕಪಾಟು ಕೂರಿಸಿಕೊಂಡು, ಅದಕ್ಕೆ ‘ವ್ಯಾನ್‌ಗಾರ್ಡ್’ ಎಂದು ಹೆಸರಿಟ್ಟು, ಎಲ್ಲಿ ಕೂಲಿ ಸಿಕ್ಕರೆ ಅಲ್ಲಿಗೆ ಹೋಗುತ್ತಾಳೆ. ಒಮ್ಮೆ ಗೋದಾಮು, ಒಮ್ಮೆ ಬೀಟ್ ಗೆಡ್ಡೆಯ ಸುಗ್ಗಿ. ಈ ಚಿತ್ರಕ್ಕೆ ಮೂಲ 2017ರಲ್ಲಿ ಬಂದ ಜೆಸ್ಸಿಕಾ ಬ್ರೂಡರ್ ಪುಸ್ತಕ. ಆಕೆ ಸ್ವತಃ ವ್ಯಾನಿನಲ್ಲಿ ಓಡಾಡಿಕೊಂಡು ಬರೆದದ್ದು. ಚಿತ್ರದಲ್ಲಿ ಬರುವ ಲಿಂಡಾ ಮೇ, ಸ್ವಾಂಕಿ, ಬಾಬ್ ವೆಲ್ಸ್ ನಟರಲ್ಲ. ನಿಜವಾಗಿ ಹಾಗೆ ಬದುಕಿದವರೇ ತಮ್ಮ ಪಾತ್ರ ತಾವೇ ಮಾಡಿದ್ದಾರೆ.

ಮೊದಲು ಫರ್ನ್‌ಳ ಟೈರು ಕೂರುತ್ತದೆ. ಪಕ್ಕದಲ್ಲಿ ತಂಗಿದ್ದ ಸ್ವಾಂಕಿಯ ಬಾಗಿಲು ತಟ್ಟುತ್ತಾಳೆ. ಆ ಮುದುಕಿಯ ಮೊದಲ ಪ್ರಶ್ನೆ, ಸ್ಟೆಪ್ನಿ ಎಲ್ಲಿ? ಇಲ್ಲ! ಬೈಗುಳದ ಮಳೆ. ಜನರಿಲ್ಲದ ಜಾಗದಲ್ಲಿ ಸ್ಟೆಪ್ನಿ ಇಲ್ಲದೆ ನಿಂತರೆ ಸಾಯುತ್ತೀಯೇ ಎಂದು ಗದರುತ್ತಾಳೆ. ಗದರಿದ ಮೇಲೆ ಸಹಾಯವನ್ನೂ ಮಾಡುತ್ತಾಳೆ. ರಸ್ತೆಯ ಮೇಲೆ ಬದುಕುವವರ ನಡುವೆ ಗದರುವುದೇ ಪ್ರೀತಿ ಇರಬೇಕು.

ಆಮೇಲೆ ಒಂದು ದಿನ ವ್ಯಾನೇ ಕೆಟ್ಟು ನಿಲ್ಲುತ್ತದೆ. ಗ್ಯಾರೇಜಿನವರ ಲೆಕ್ಕ ಸುಮಾರು 2,300 ಡಾಲರ್. ವ್ಯಾನೇ 5,000 ಬಾಳುತ್ತದೋ ಇಲ್ಲವೋ, ಈ ದುಡ್ಡನ್ನು ಬೇರೆ ಗಾಡಿಗೆ ಹಾಕಮ್ಮ ಎಂದು ಅವರ ಸಲಹೆ. ಲೆಕ್ಕದಲ್ಲಿ ಏನೂ ತಪ್ಪಿಲ್ಲ. ಅವರು ಗಾಡಿಯ ಬೆಲೆ ಹೇಳುತ್ತಿದ್ದಾರೆ. ಆಕೆ, ಅದರೊಳಗೆ ನಾನು ವಾಸ ಮಾಡುತ್ತೇನೆ, ಅದು ನನ್ನ ಮನೆ ಎಂದು ವಿವರಿಸಲು ಒದ್ದಾಡುತ್ತಾಳೆ. ಅಳು ಇಲ್ಲ, ಹಿನ್ನೆಲೆ ಸಂಗೀತದ ಅಬ್ಬರ ಇಲ್ಲ. ಮ್ಯಾಕ್‌ಡಾರ್ಮಂಡ್ ಮುಖದಲ್ಲಿ ಆಗ ಕಾಣುವ ನಾಚಿಕೆ ಇದೆಯಲ್ಲ, ಅದನ್ನು ನೋಡಿ ನನಗೆ ಗಂಟಲು ಕಟ್ಟಿತು. 5 ರೂಪಾಯಿ 12 ಆಣೆಯಿಂದ ಪ್ರೇಮ ಹುಟ್ಟಿತ್ತು. 2,300 ಡಾಲರಿನಿಂದ ಹುಟ್ಟುವುದು ಸಾಲ. ಬಸ್ಸು ಹತ್ತಿ ಕ್ಯಾಲಿಫೋರ್ನಿಯಾದಲ್ಲಿರುವ ತಂಗಿಯ ಮನೆಗೆ ಹೋಗಿ ಕೈ ಒಡ್ಡುತ್ತಾಳೆ. ತಂಗಿ ಕೊಡುತ್ತಾಳೆ, ಇಲ್ಲೇ ಇದ್ದುಬಿಡು ಅಂತಲೂ ಕರೆಯುತ್ತಾಳೆ. ಫರ್ನ್ ಉಳಿಯುವುದಿಲ್ಲ. ದುಡ್ಡು ತೆಗೆದುಕೊಂಡು ವ್ಯಾನಿಗೆ ವಾಪಸು.

ಚಿತ್ರಕ್ಕೆ ಮೂಲವಾದ ಪುಸ್ತಕದಲ್ಲೂ ಇಂಥವರೇ ತುಂಬಿದ್ದಾರೆ. ಅವರಿಗೆ ರಿಪೇರಿ ಕಲಿಯುವುದು ಹವ್ಯಾಸವಲ್ಲ, ಬಾಡಿಗೆ ಕಟ್ಟುವುದಿದ್ದ ಹಾಗೆ. ಫ್ಯೂಸು, ಬೆಲ್ಟು, ಕೂಲೆಂಟು, ಜ್ಯಾಕು, ಸ್ಟೆಪ್ನಿ, ಕೇಬಲ್ಲು, ನಾಲ್ಕು ದಿನಕ್ಕಾಗುವಷ್ಟು ಕುಡಿಯುವ ನೀರು, ಮತ್ತು ಮುಟ್ಟದೆ ಎತ್ತಿಟ್ಟ ಒಂದಿಷ್ಟು ರಿಪೇರಿ ದುಡ್ಡು. ಟೆಂಪೋ ಟ್ರಾವೆಲರ್ ಕನಸಿನ ಹುಡುಗರು ಪರದೆಯ ಬಣ್ಣ ಆರಿಸುವ ಮುಂಚೆ ಇದನ್ನು ಜೋಡಿಸಿಕೊಳ್ಳಲಿ.

ಟೈರಿನ ಮಾತು ಬಂತಲ್ಲ, ಒಂದು ಗುಟ್ಟು ಹೇಳುತ್ತೇನೆ. ಮನೆಗಾಡಿಗಳು ತಿಂಗಳುಗಟ್ಟಲೆ ಬಿಸಿಲಲ್ಲಿ ನಿಂತಿರುತ್ತವೆ. ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಬಟನ್ ಹೊಸದರಂತೆ ಕಂಡರೂ ಒಳಗೆ ಬಿರುಕು. ಹತ್ತು ವರ್ಷ ದಾಟಿದ ಟೈರನ್ನು ಹೇಗೇ ಕಾಣಲಿ ತೆಗೆದುಹಾಕಿ ಎಂದು ಟೈರು ಕಂಪನಿಗಳೇ ಹೇಳುತ್ತವೆ. ವಯಸ್ಸು ತಿಳಿಯುವುದು ಹೇಗೆ? ಟೈರಿನ ಪಕ್ಕದಲ್ಲಿ ಒತ್ತಿದ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ಹುಟ್ಟಿದ್ದು. ಬಸ್ ಸ್ಟ್ಯಾಂಡಿನಲ್ಲಿ ನಿಂತು ಇದನ್ನು ಓದುತ್ತಿದ್ದೀರಾದರೆ, ಎದುರಿಗೆ ನಿಂತ ಬಸ್ಸಿನ ಚಕ್ರದ ಬಳಿ ಬಗ್ಗಿ ನೋಡಿ. ಕಂಡಕ್ಟರ್ ಯಾಕೆ ಅಂತ ಕೇಳಿದರೆ ಸಿನಿಮಾ ಪತ್ರಿಕೆಯಲ್ಲಿ ಬಂದಿದೆ ಅನ್ನಿ!