ಗಾಳಿಗೆ ಉಳಿದದ್ದು ಗರಗಸಕ್ಕೆ

2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111.1 ಮಿ.ಮೀ. ಮಳೆ ಸುರಿಯಿತು. ಜೂನ್ ತಿಂಗಳ ಮಟ್ಟಿಗೆ 133 ವರ್ಷಗಳ ದಾಖಲೆ ಮುರಿದ ಮಳೆ ಅದು. ಗಾಳಿಯೂ ಸೇರಿ ನೂರಾರು ಮರಗಳು ಉರುಳಿದವು. ಸಣ್ಣ ಪ್ರಮಾಣದಲ್ಲಿ ಈ ಅನಾಹುತ ಏಪ್ರಿಲ್–ಮೇ ತಿಂಗಳ ಮಳೆಯಲ್ಲಿ ಪ್ರತಿವರ್ಷ ಕಾಣುವಂಥದ್ದೇ. ಸುದ್ದಿಯಾಗುವುದು ಬಿದ್ದ ಮರ. ಕೊಂಬೆ ಮುರಿದುಕೊಂಡು, ತೊಗಟೆ ಸೀಳಿಕೊಂಡು ನಿಂತೇ ಇರುವ ಮರದ ಕಥೆ ಶುರುವಾಗುವುದು ಮರುದಿನ. ಯಾರೋ ಅದರ ತಲೆ ಬೋಳಿಸುತ್ತಾರೆ, ಯಾರೋ ಕತ್ತರಿಸಿದ ಜಾಗಕ್ಕೆ ಟಾರು ಬಳಿಯುತ್ತಾರೆ, ಪೊಟರೆಗೆ ಸಿಮೆಂಟು ತುಂಬುತ್ತಾರೆ, ಬುಡಕ್ಕೆ ಗೊಬ್ಬರ ಸುರಿಯುತ್ತಾರೆ. ಹೆಚ್ಚಿನವರದು ಒಳ್ಳೆಯ ಉದ್ದೇಶವೇ. ಆದರೆ ಈ ಎಲ್ಲ ಉಪಚಾರಗಳ ಹಿಂದೆ ಇರುವುದು ಒಂದೇ ತಪ್ಪು ಕಲ್ಪನೆ: ಮರದ ಮೈಯೂ ನಮ್ಮ ಮೈಯಂತೆ, ಗಾಯಕ್ಕೆ ಮದ್ದು ಹಚ್ಚಿ ಮೇವು ಕೊಟ್ಟರೆ ಮಾಯುತ್ತದೆ ಎಂಬುದು.

ಮರದ ಗಾಯ ಆ ಅರ್ಥದಲ್ಲಿ ಮಾಯುವುದೇ ಇಲ್ಲ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಗರಗಸದಿಂದ ಉದ್ದುದ್ದ ಸೀಳಿ ಒಳಗಿನ ಕೊಳೆತವನ್ನು ಅಭ್ಯಾಸ ಮಾಡಿದವರು. 1977ರಲ್ಲಿ ಅವರು ಪ್ರಕಟಿಸಿದ ವಿವರಣೆಯ ಸಾರ ಇಷ್ಟು: ಪೆಟ್ಟು ತಿಂದ ಮರ ಹಾಳಾದ ಭಾಗವನ್ನು ರಿಪೇರಿ ಮಾಡುವುದಿಲ್ಲ, ಅದರ ಸುತ್ತ ಗೋಡೆ ಎಬ್ಬಿಸಿ ಅದನ್ನು ಬೇರ್ಪಡಿಸುತ್ತದೆ. ಗೋಡೆಯಾಚೆಗೆ ಹೊಸ ಕಟ್ಟಿಗೆ ಬೆಳೆಯುತ್ತದೆ. ಹಳೆಯ ಗಾಯ ಮರ ಬದುಕಿರುವಷ್ಟು ಕಾಲ ಒಳಗೇ ಉಳಿಯುತ್ತದೆ. ಕೋಲ್ಕತ್ತದ ಬಳಿ ಶಿಬ್ಪುರದ ಸಸ್ಯೋದ್ಯಾನದಲ್ಲಿರುವ ಹೆಸರಾಂತ ಆಲದ ಮರ 1864 ಮತ್ತು 1867ರ ಚಂಡಮಾರುತಗಳಲ್ಲಿ ಜಖಂಗೊಂಡು, ಶಿಲೀಂಧ್ರ ಹೊಕ್ಕು, ಕಡೆಗೆ 1925ರಲ್ಲಿ ಅದರ ಮುಖ್ಯ ಕಾಂಡವನ್ನೇ ತೆಗೆಯಬೇಕಾಯಿತು. ಮರ ಇಂದಿಗೂ ಇದೆ. ಬಿಳಲುಗಳ ಬಲವಿರುವ ಆಲಕ್ಕೆ ಸಾಧ್ಯವಾದದ್ದು ಗುಲ್‌ಮೊಹರಿಗೆ ಸಾಧ್ಯವಿಲ್ಲ, ನಿಜ. ಆದರೆ ಹಾಳಾದದ್ದನ್ನು ಬಿಟ್ಟುಕೊಟ್ಟು ಉಳಿದದ್ದರಲ್ಲಿ ಬೆಳೆಯುವ ಕ್ರಮ ಎಲ್ಲ ಮರಗಳಿಗೂ ಒಂದೇ.

ಇದು ಒಪ್ಪಿಗೆಯಾದರೆ ಟಾರಿನ ಪ್ರಶ್ನೆ ತಾನಾಗಿ ಇತ್ಯರ್ಥವಾಗುತ್ತದೆ. ಕತ್ತರಿಸಿದ ಜಾಗಕ್ಕೆ ಟಾರು, ಬಣ್ಣ ಬಳಿದರೆ ಕೊಳೆತ ನಿಲ್ಲುತ್ತದೆ ಎನ್ನುವುದನ್ನು ಶೈಗೊ ಅವರ ಪ್ರಯೋಗಗಳು ಎತ್ತಿಹಿಡಿಯಲಿಲ್ಲ. ಲೇಪ ಬಿಸಿಲಿಗೆ ಬಿರುಕು ಬಿಡುತ್ತದೆ, ಒಳಗೆ ತೇವ ಹಿಡಿದಿಡುತ್ತದೆ, ಶಿಲೀಂಧ್ರಕ್ಕೆ ಬೇಕಾದದ್ದೂ ಅದೇ. ಹಾಗಾದರೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವುದಿಲ್ಲವೇ ಎಂದು ಮಲೆನಾಡಿನವರು ಕೇಳಬಹುದು. ಅದು ಕೊಳೆರೋಗ ಬರುವ ಮೊದಲೇ ಗೊನೆಗೆ ಕೊಡುವ ರಕ್ಷಣೆ. ರಸ್ತೆಬದಿಯ ಮರದಲ್ಲಿ ಹರಿದುಹೋದ ಕೊಂಬೆಯ ಬುಡವನ್ನು ಅದು ಮುಚ್ಚಿಕೊಡುವುದಿಲ್ಲ. ಇಲ್ಲಿ ಲೇಪಕ್ಕಿಂತ ಮುಖ್ಯವಾದದ್ದು ಎಲ್ಲಿ ಕತ್ತರಿಸುತ್ತೇವೆ ಎಂಬುದು. ಕೊಂಬೆ ಕಾಂಡವನ್ನು ಸೇರುವಲ್ಲಿ ಉಬ್ಬಿದ ಒಂದು ಪಟ್ಟಿ ಇರುತ್ತದೆ. ಗೋಡೆ ಕಟ್ಟುವ ಕೆಲಸ ಅಲ್ಲಿಂದ ನಡೆಯುತ್ತದೆ. ಅಂದವಾಗಿ ಕಾಣಲೆಂದು ಕಾಂಡಕ್ಕೆ ಸಮನಾಗಿ ಕೊಯ್ದರೆ ಆ ಪಟ್ಟಿ ಹೋಗುತ್ತದೆ. ಒಂದಡಿ ಮೋಟು ಬಿಟ್ಟರೆ ಮೋಟು ಕೊಳೆತು ಕೊಳೆತ ಒಳಗಿಳಿಯುತ್ತದೆ. ಪಟ್ಟಿಯನ್ನು ಮುಟ್ಟದೆ, ಅದರ ಹೊರಗೆ ಕತ್ತರಿಸಬೇಕು. ಭಾರದ ಕೊಂಬೆಯಾದರೆ ಮೊದಲು ಸ್ವಲ್ಪ ದೂರದಲ್ಲಿ ಕೆಳಗಿನಿಂದ ಕಚ್ಚು ಹಾಕಿ, ಆಮೇಲೆ ಅದರಾಚೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಕೊನೆಗೆ ಉಳಿದ ಮೋಟನ್ನು ತೆಗೆಯಬೇಕು. ಇಲ್ಲದಿದ್ದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಸುಲಿದುಕೊಂಡೇ ಬೀಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ಉಪಚಾರ ತಲೆ ಬೋಳಿಸುವುದು. ಎತ್ತರ ತಗ್ಗಿಸಿದರೆ ಗಾಳಿಗೆ ಸಿಗುವುದು ಕಡಿಮೆ, ಆದ್ದರಿಂದ ಮರ ಸುರಕ್ಷಿತ ಎಂಬ ವಾದ ಮೇಲುನೋಟಕ್ಕೆ ಸರಿಯಾಗಿಯೇ ಕಾಣುತ್ತದೆ, ಮುಂದಿನ ಮಳೆಗಾಲದ ಮಟ್ಟಿಗೆ ನಿಜವೂ ಇರಬಹುದು. ಆಮೇಲಿನ ವರ್ಷಗಳ ಲೆಕ್ಕ ಬೇರೆ. ಮರ ಆಹಾರ ತಯಾರಿಸುವುದು ಎಲೆಯಲ್ಲಿ. ಬಿರುಗಾಳಿಗೆ ಅರ್ಧ ಎಲೆ ಕಳೆದುಕೊಂಡ ಮರ ಹೊಸ ಚಿಗುರಿಗೂ, ಗಾಯದ ಸುತ್ತಲಿನ ಗೋಡೆಗೂ ಕಾಂಡ ಮತ್ತು ಬೇರುಗಳಲ್ಲಿ ಕೂಡಿಟ್ಟ ಪಿಷ್ಟವನ್ನೇ ಖರ್ಚು ಮಾಡುತ್ತಿರುತ್ತದೆ. ಆ ಹೊತ್ತಿಗೆ ಉಳಿದ ಎಲೆಗಳನ್ನೂ ಕೊಯ್ದರೆ ದಾಸ್ತಾನು ತುಂಬುವ ದಾರಿಯೇ ಇಲ್ಲ. ಬೋಳಿಸಿದ ಮರ ಎರಡೇ ತಿಂಗಳಲ್ಲಿ ದಟ್ಟವಾಗಿ ಚಿಗುರಿದರೆ ಅದು ಚೇತರಿಕೆಯ ಗುರುತೆಂದು ನಾವು ಸಮಾಧಾನಪಡುತ್ತೇವೆ. ಅದು ಸಂಕಟದ ಗುರುತು. ಸಹಜವಾಗಿ ಬೆಳೆದ ಕೊಂಬೆಯ ಬುಡ ವರ್ಷ ವರ್ಷವೂ ಕಾಂಡದೊಳಗೆ ಹುದುಗಿಕೊಂಡು ಗಟ್ಟಿಯಾಗುತ್ತದೆ. ಕತ್ತರಿಸಿದ ತುದಿಯಿಂದ ಗುಂಪಾಗಿ ಎದ್ದ ಚಿಗುರಿಗೆ ಹೊರಪದರದಲ್ಲಷ್ಟೇ ಹಿಡಿತ. ಕೆಲವೇ ವರ್ಷಗಳಲ್ಲಿ ಅದು ಹಳೆಯ ಎತ್ತರ ಮುಟ್ಟುತ್ತದೆ, ಕೆಳಗಿನ ತುದಿ ಕೊಳೆಯುತ್ತಿರುತ್ತದೆ, ಇನ್ನೊಂದು ಗಾಳಿಗೆ ಕಳಚಿ ಬೀಳುತ್ತದೆ. ವಿದ್ಯುತ್ ತಂತಿಗೆ ತಾಗುವ ಮರವನ್ನು ಬಿಟ್ಟುಬಿಡಲು ಆಗುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಅಲ್ಲಿಯೂ ತಂತಿಯ ಕಡೆಗೆ ಹೋಗುವ ಕೊಂಬೆಯನ್ನು ಅದು ಹುಟ್ಟುವ ಕವಲಿನವರೆಗೆ ತೆಗೆಯಬಹುದು. ಇಡೀ ಮರವನ್ನು ಕಂಬ ಮಾಡಬೇಕಿಲ್ಲ. ಆರೋಗ್ಯವಂತ ಮರದಿಂದಲೂ ಒಮ್ಮೆಗೆ ಕಾಲು ಭಾಗಕ್ಕಿಂತ ಹೆಚ್ಚು ಹಸಿರು ತೆಗೆಯಬಾರದೆಂಬುದು ಸಾಮಾನ್ಯ ನಿಯಮ. ಗಾಳಿ ಆಗಲೇ ಕಿತ್ತುಕೊಂಡದ್ದನ್ನೂ ಆ ಲೆಕ್ಕಕ್ಕೆ ಸೇರಿಸಬೇಕು.

ಇನ್ನು ಬೇರು. ಮರ ಎಷ್ಟು ಎತ್ತರವೋ ಅಷ್ಟೇ ಆಳಕ್ಕೆ ತಾಯಿಬೇರು ಇಳಿದಿರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ದೊಡ್ಡ ಮರದ ಹೆಚ್ಚಿನ ಬೇರುಗಳಿರುವುದು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲಿ. ಆದರೆ ಅವು ನೆತ್ತಿಯ ನೆರಳನ್ನೂ ದಾಟಿ ಅಗಲಕ್ಕೆ ಹರಡಿರುತ್ತವೆ. ಮೋರಿಗೆಂದು, ಕೇಬಲ್ಲಿಗೆಂದು, ಫುಟ್‌ಪಾತಿಗೆಂದು ನಾವು ಅಗೆಯುವುದು ಸರಿಯಾಗಿ ಅದೇ ಎರಡು ಮೂರು ಅಡಿಯನ್ನು. ‘ಗಟ್ಟಿಯಾಗಿದ್ದ ಮರ ಇದ್ದಕ್ಕಿದ್ದಂತೆ ಬುಡಸಮೇತ ಬಿತ್ತು’ ಎಂಬ ಮಾತು ಬಂದಾಗ ಬುಡದ ಯಾವ ಬದಿಯಲ್ಲಿ ಬೇರಿಲ್ಲ ಎಂದು ನೋಡಿದರೆ ಎಷ್ಟೋ ಸಲ ‘ಇದ್ದಕ್ಕಿದ್ದಂತೆ’ ಎಂಬುದಕ್ಕೆ ಅರ್ಥ ಉಳಿಯುವುದಿಲ್ಲ. ಮರದ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಗೆ ಆದೇಶಿಸಿತ್ತು. ದೊಡ್ಡ ಮರಕ್ಕೆ ಅದೂ ಕಡಿಮೆಯೇ. ಗಾಳಿಯ ನಂತರ ಬೇರಿಗೆ ಬೇಕಾದದ್ದು ಗೊಬ್ಬರವಲ್ಲ. ಸಾರಜನಕ ಸುರಿದರೆ ಮರ ಇಲ್ಲದ ಶಕ್ತಿಯನ್ನು ಖರ್ಚು ಮಾಡಿ ಎಲೆ ಬಿಡುತ್ತದೆ. ಒಣ ದಿನಗಳಲ್ಲಿ ನಿಧಾನವಾಗಿ ಇಂಗುವ ನೀರು, ಬುಡಕ್ಕೆ ತಾಗದಂತೆ ಸುತ್ತ ಹರಡಿದ ತರಗೆಲೆ, ಜೆಸಿಬಿ ಓಡಾಡದ ಮಣ್ಣು ಸಾಕು. ಉರುಳಿದ ಎಳೆಯ ಗಿಡವನ್ನು ಬೇರು ಒಣಗುವ ಮುನ್ನ ಎತ್ತಿ ನಿಲ್ಲಿಸಿ ಸಡಿಲವಾಗಿ ಊರುಗೋಲು ಕಟ್ಟಿದರೆ ಬದುಕುತ್ತದೆ. ದೊಡ್ಡ ಮರವನ್ನು ಕ್ರೇನಿನಿಂದ ನೆಟ್ಟಗೆ ಮಾಡಿದ ಫೋಟೋ ಚೆನ್ನಾಗಿರುತ್ತದೆ, ಕಿತ್ತ ಬೇರು ಮತ್ತೆ ಕೂಡಿಕೊಳ್ಳುವುದಿಲ್ಲ.

ವಿದೇಶಿ ಮರಗಳೇ ಬೀಳುವುದು ಎಂಬ ದೂರಿನಲ್ಲಿ ಅರ್ಧ ಸತ್ಯವಿದೆ. ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಕ್ರುಂಬಿಗಲ್ ಅವರ ಕಾಲದಿಂದ ಬೆಂಗಳೂರಿನ ಬೀದಿಗಳಿಗೆ ಹೂವಿನ ಚೆಲುವಿಗಾಗಿ ಬಂದವುಗಳಲ್ಲಿ ಮಡಗಾಸ್ಕರಿನ ಗುಲ್‌ಮೊಹರ್, ಆಫ್ರಿಕದ ನೀರುಕಾಯಿ ಮರದಂಥ ಮೆದು ಕಟ್ಟಿಗೆಯವು ಇವೆ, ಬೇಗ ಮುರಿಯುತ್ತವೆ. ಆದರೆ ಕಬ್ಬನ್ ಪಾರ್ಕಿನ ಮಳೆಮರಗಳೂ ಅಮೆರಿಕ ಖಂಡದಿಂದ ಬಂದವೇ. ಫ್ಲಾರಿಡಾದಲ್ಲಿ 1992ರ ಆಂಡ್ರ್ಯೂ ಸೇರಿದಂತೆ ಹಲವು ಚಂಡಮಾರುತಗಳ ಬಳಿಕ ಮೇರಿ ಡ್ಯೂರಿಯಾ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳಲ್ಲಿ ತಳಿಯಷ್ಟೇ ಮುಖ್ಯವಾಗಿ ಕಂಡದ್ದು ಬೇರಿಗೆ ಸಿಕ್ಕ ಜಾಗ. ಒಂಟಿ ಮರಕ್ಕಿಂತ ಗುಂಪಿನಲ್ಲಿದ್ದವು ಹೆಚ್ಚು ಉಳಿದಿದ್ದವು. ನಾಲ್ಕಡಿ ಕಾಂಕ್ರೀಟ್ ಚೌಕದಲ್ಲಿ ನೆಟ್ಟ ಹೊಂಗೆಯನ್ನು ಅದರ ದೇಶೀಯತೆ ಕಾಪಾಡುವುದಿಲ್ಲ.

ಜನರ ಪ್ರಾಣಕ್ಕಿಂತ ಮರ ದೊಡ್ಡದೇ ಎಂಬ ಪ್ರಶ್ನೆ ಉಳಿಯುತ್ತದೆ. ಮರ ಬಿದ್ದು ಜನ ಸತ್ತಿರುವ ಊರಿನಲ್ಲಿ ಅದನ್ನು ತಳ್ಳಿಹಾಕುವಂತಿಲ್ಲ. ಕಡಿಯಲೇಬೇಕಾದ ಮರಗಳಿವೆ. ಕಾಂಡ ಬುಡದವರೆಗೆ ಸೀಳಿದ್ದು, ಹೊಸದಾಗಿ ವಾಲಿ ಒಂದು ಬದಿಯ ಮಣ್ಣು ಮೇಲೆದ್ದದ್ದು, ಮುಖ್ಯ ಬೇರುಗಳು ತುಂಡಾದದ್ದು, ಬುಡದಲ್ಲಿ ಅಣಬೆ ಎದ್ದು ಕಟ್ಟಿಗೆ ಮೆತ್ತಗಾದದ್ದು ಕಂಡರೆ ತಡಮಾಡುವುದು ತಪ್ಪು. ಇಂಥ ಅಪಾಯ ಕಂಡವರು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ನೇಮಕಗೊಂಡ ವೃಕ್ಷ ಅಧಿಕಾರಿಗೆ ತಿಳಿಸಬೇಕು. ಆದರೆ ಬರೀ ಪೊಟರೆ ಇದೆಯೆಂದೋ, ಹಳೆಯ ಮರವೆಂದೋ, ಎಲೆ ಉದುರಿ ಬೋಳಾಗಿದೆಯೆಂದೋ ಕಡಿಯುವುದಕ್ಕೆ ಆಧಾರವಿಲ್ಲ. ಸುತ್ತಲಿನ ಕಟ್ಟಿಗೆ ದಪ್ಪವಾಗಿ ಗಟ್ಟಿಯಾಗಿದ್ದರೆ ಒಳಗೆ ಟೊಳ್ಳಾದ ಮರವೂ ಕಬ್ಬಿಣದ ಪೈಪಿನಂತೆ ಭಾರ ತಡೆಯುತ್ತದೆ. ಸಿಮೆಂಟು ತುಂಬಿದರೆ ಗಾಳಿಗೆ ಮರ ಬಾಗುವಾಗ ಸಿಮೆಂಟು ಬಾಗದೆ ಒಳಗಿನ ಗೋಡೆಯನ್ನು ಉಜ್ಜಿ ಒಡೆಯುತ್ತದೆ. ಅನುಮಾನದ ಮರದಲ್ಲಿ ಮುರಿದ, ನೇತಾಡುವ ಕೊಂಬೆಗಳನ್ನಷ್ಟೇ ತೆಗೆದು ಒಂದು ವರ್ಷ ಬಿಡಬೇಕು. ಆಮೇಲೆ ಮುರಿದಲ್ಲಿ ಎದ್ದ ಚಿಗುರುಗಳಲ್ಲಿ ಸರಿಯಾದ ಜಾಗದ ಒಂದೆರಡನ್ನು ಇಟ್ಟುಕೊಂಡು ಉಳಿದವನ್ನು ಒಮ್ಮೆಗೇ ಅಲ್ಲ, ಮೂರು ನಾಲ್ಕು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತ ನೆತ್ತಿಯನ್ನು ಮತ್ತೆ ಕಟ್ಟಬೇಕು. ಅಂದರೆ ಅದೇ ಮರದ ಬಳಿಗೆ ಅದೇ ಕೆಲಸದವರು ಪ್ರತಿವರ್ಷ ಮರಳಿ ಬರಬೇಕು.