ಪಾಡ್‌ಕಾಸ್ಟ್: ಸೂಪರ್‌ಕಾರಿಗೆ ಬೆಲೆ ಬರೋದು ವೇಗದಿಂದಲೋ, ಚರಿತ್ರೆಯಿಂದಲೋ?

ಇವತ್ತು ಎರಡು ಕಾರುಗಳನ್ನ ಪಕ್ಕಪಕ್ಕ ನಿಲ್ಲಿಸಿ ಮಾತು ಶುರು ಮಾಡೋಣ. ಒಂದು, ಟೆಸ್ಲಾ ಮಾಡೆಲ್ ಎಸ್ ಪ್ಲೇಯ್ಡ್. ನಾಲ್ಕು ಬಾಗಿಲು, ಐದು ಸೀಟಿನ ಎಲೆಕ್ಟ್ರಿಕ್ ಕಾರು, 1,020 ಅಶ್ವಶಕ್ತಿ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟೋಕೆ ಎರಡು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತು ಸಾಕು. ಇನ್ನೊಂದು, 1962ರ ಫೆರಾರಿ 250 ಜಿಟಿಒ. ಸುಮಾರು 300 ಅಶ್ವಶಕ್ತಿ. ಎಸಿ ಇಲ್ಲ, ಪವರ್ ಸ್ಟಿಯರಿಂಗ್ ಇಲ್ಲ. ಸಿಗ್ನಲ್‌ನಲ್ಲಿ ಎರಡನ್ನೂ ಒಟ್ಟಿಗೆ ಬಿಟ್ರೆ ಫೆರಾರಿ ಎಷ್ಟೋ ಹಿಂದೆ ಉಳಿಯುತ್ತೆ.

ಆದ್ರೆ 2018ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಅಂಥ ಒಂದು ಜಿಟಿಒ ಹರಾಜಿಗೆ ಬಂದಾಗ ಮಾರಾಟವಾದ ಬೆಲೆ 4.84 ಕೋಟಿ ಡಾಲರ್. ಆಗಿನ ಲೆಕ್ಕದಲ್ಲಿ 330 ಕೋಟಿ ರೂಪಾಯಿಗೂ ಮೇಲೆ. ಟೆಸ್ಲಾದ ಬೆಲೆ ಇದರ ಮುಂದೆ ಚಿಲ್ಲರೆ ಕಾಸು. ಹಾಗಾದ್ರೆ ಈ ಶ್ರೀಮಂತರು ಕೊಳ್ತಿರೋದು ಏನನ್ನ? ವೇಗವನ್ನಂತೂ ಅಲ್ಲ.

ಮೊದಲು ಜಿಟಿಒ ಅಂದ್ರೆ ಏನು ಅಂತ ನೋಡೋಣ. ‘ಗ್ರಾನ್ ಟುರಿಸ್ಮೊ ಒಮೊಲೊಗಾಟೊ’, ಅಂದರೆ ಜಿಟಿ ದರ್ಜೆಯ ರೇಸಿಗೆ ಮಾನ್ಯತೆ ಪಡೆದ ಕಾರು. ಆಗಿನ ನಿಯಮದ ಪ್ರಕಾರ ಆ ದರ್ಜೆಗೆ ಸೇರಬೇಕಾದ್ರೆ ಕನಿಷ್ಠ 100 ಕಾರು ತಯಾರಾಗಿರಬೇಕಿತ್ತು. ಫೆರಾರಿ ಕಟ್ಟಿದ್ದು 36 ಮಾತ್ರ. ‘ಇದು ಹೊಸ ಕಾರಲ್ಲ, ನಮ್ಮ ಹಳೆಯ 250 ಮಾದರಿಯ ಸುಧಾರಿತ ರೂಪ’ ಅಂತ ವಾದಿಸಿ ಒಪ್ಪಿಗೆ ಪಡೆಯಿತು. ಅಂದ್ರೆ ಈ ಕಾರು ಹುಟ್ಟಿದ್ದೇ ರೇಸ್ ಗೆಲ್ಲೋಕೆ. ಮಾಂಟೆರೆಯಲ್ಲಿ ಮಾರಾಟವಾದ ಕಾರು 1962ರ ಇಟಲಿಯ ಜಿಟಿ ಚಾಂಪಿಯನ್‌ಷಿಪ್ ಗೆದ್ದದ್ದು. ಅದರ ಬೆಲೆಯಲ್ಲಿ ಆ ಗೆಲುವೂ ಸೇರಿದೆ.

ನಾವು ಜಮೀನು ಕೊಳ್ಳೋ ಮುಂಚೆ ಪಹಣಿ, ಮೂಲಪತ್ರ ಎಲ್ಲ ತೆಗೆಸಿ ನೋಡ್ತೀವಲ್ಲ, ಇಲ್ಲೂ ಹಾಗೇನೇ. ಎಂಜಿನ್ ಮೇಲಿನ ನಂಬರ್, ಚಾಸಿ ನಂಬರ್, ಗೇರ್‌ಬಾಕ್ಸ್, ಇವೆಲ್ಲ ಕಾರ್ಖಾನೆಯಿಂದ ಹೊರಟಾಗ ಇದ್ದವೇನಾ? ಯಾವ ರೇಸಿನಲ್ಲಿ ಯಾರು ಓಡಿಸಿದ್ರು? ನಡುವೆ ಯಾರ ಕೈಯಲ್ಲಿತ್ತು? ಫೆರಾರಿಯಲ್ಲಿ ಇದಕ್ಕೇ ‘ಕ್ಲಾಸಿಕೆ’ ಅನ್ನೋ ವಿಭಾಗ ಇದೆ. ಹಳೆಯ ಕಾರನ್ನ ಕಾರ್ಖಾನೆಯ ದಾಖಲೆಗೆ ಹೋಲಿಸಿ ನೋಡಿ ಪ್ರಮಾಣಪತ್ರ ಕೊಡುತ್ತೆ. ಪರಂಪರೆ ಅಂದಾಗ ಬರೀ ಭಾವನೆಯ ಮಾತು ಅಂದ್ಕೋಬೇಡಿ. ಅದು ಕಾಗದದ ಮೇಲೆ ಸಾಬೀತಾಗಬೇಕಾದ ವಿಷಯ.

ಸರಿ, ಹಳೇ ಕಾರಿನ ಮಾತಾಯ್ತು. ಹೊಸ ಕಾರು ಕೊಳ್ಳೋರೂ ಯಾಕೆ ಅಂಕಿಗಳಿಂದ ದೂರ ಸರೀತಿದ್ದಾರೆ? ನನಗೆ ಕಾಣೋ ಕಾರಣ ಎರಡು.

ಒಂದು, ಅಂಕಿ ಬಹಳ ದಿನ ಬಾಳಲ್ಲ. 2005ರಲ್ಲಿ ಬುಗಾಟಿ ವೇರಾನ್ 1,001 ಅಶ್ವಶಕ್ತಿ, ಗಂಟೆಗೆ 407 ಕಿ.ಮೀ. ವೇಗದೊಂದಿಗೆ ಬಂದಾಗ ಜಗತ್ತೇ ಬೆರಗಾಗಿತ್ತು. 2019ರಲ್ಲಿ ಅದೇ ಬುಗಾಟಿಯ ಷಿರಾನ್ 490 ಕಿ.ಮೀ. ದಾಟಿತು. ಮರುವರ್ಷ ಅಮೆರಿಕದ ಎಸ್‌ಎಸ್‌ಸಿ ಕಂಪನಿ ತನ್ನ ಟುವಟಾರಾ ಕಾರು 500 ಕಿ.ಮೀ.ಗೂ ಹೆಚ್ಚು ವೇಗ ಮುಟ್ಟಿದೆ ಅಂತ ಘೋಷಿಸಿತು. ಯೂಟ್ಯೂಬ್‌ನಲ್ಲಿ ಆ ವಿಡಿಯೊ ನೋಡಿದವರು ಲೆಕ್ಕ ಹಾಕಿ, ಇದು ಹೊಂದಲ್ವಲ್ಲ ಅಂದ್ರು. 2021ರಲ್ಲಿ ಕಂಪನಿಯೇ ಆ ವೇಗ ಮುಟ್ಟಿರಲಿಲ್ಲ ಅಂತ ಒಪ್ಪಿಕೊಂಡಿತು. ನೋಡಿ, ದಾಖಲೆ ಅನ್ನೋದು ಇವತ್ತು ನಿಮ್ಮದು, ನಾಳೆ ಇನ್ನೊಬ್ಬರದು.

ಎರಡನೇ ಕಾರಣ, ಎಲೆಕ್ಟ್ರಿಕ್ ಮೋಟಾರು ಅಂಕಿಯನ್ನ ಅಗ್ಗ ಮಾಡಿಬಿಟ್ಟಿದೆ. ಮೊದಲೆಲ್ಲ ಸಾವಿರ ಅಶ್ವಶಕ್ತಿ ಬೇಕು ಅಂದ್ರೆ ದೊಡ್ಡ ಎಂಜಿನ್, ಟರ್ಬೊ, ಅದನ್ನ ತಣ್ಣಗಿಡೋಕೆ ಹತ್ತಾರು ರೇಡಿಯೇಟರ್, ವರ್ಷಗಟ್ಟಲೆ ಶ್ರಮ ಬೇಕಿತ್ತು. ಈಗ ಬ್ಯಾಟರಿ, ಮೋಟಾರು ಇದ್ದರೆ ಅದು ಮನೆಮಂದಿ ಓಡಾಡೋ ಕಾರಿನಲ್ಲೂ ಸಿಗುತ್ತೆ. ಕ್ರೊಯೇಷಿಯಾದ ರಿಮ್ಯಾಕ್ ನೆವೆರಾ 1,900ಕ್ಕೂ ಹೆಚ್ಚು ಅಶ್ವಶಕ್ತಿಯ ಎಲೆಕ್ಟ್ರಿಕ್ ಕಾರು. ಅದನ್ನ ಕಟ್ಟಿದ ಮಾಟೆ ರಿಮ್ಯಾಕ್ ಅವರೇ 2024ರಲ್ಲಿ, ಶ್ರೀಮಂತರಿಗೆ ಎಲೆಕ್ಟ್ರಿಕ್ ಸೂಪರ್‌ಕಾರು ಅಷ್ಟಾಗಿ ಬೇಡವಾಗ್ತಿದೆ ಅಂತ ಹೇಳಿದ್ರು. ಅದಕ್ಕೆ ಅವರು ಕೊಟ್ಟಿದ್ದು ಕೈಗಡಿಯಾರದ ಹೋಲಿಕೆ. ಸ್ಮಾರ್ಟ್ ವಾಚು ಎಲ್ಲ ಕೆಲಸವನ್ನೂ ಚೆನ್ನಾಗಿ ಮಾಡುತ್ತೆ, ಆದ್ರೆ ಲಕ್ಷಾಂತರ ಡಾಲರ್ ಕೊಟ್ಟು ಜನ ಕೊಳ್ಳೋದು ಚಕ್ರ, ಸ್ಪ್ರಿಂಗು ಇರೋ ಗಡಿಯಾರವನ್ನೇ ಅನ್ನೋದು ಅವರ ಮಾತಿನ ತಾತ್ಪರ್ಯ.

ಇದಕ್ಕೆ ಒಳ್ಳೆ ಉದಾಹರಣೆ ಪೋರ್ಶೆ. 2015ರಲ್ಲಿ 911 ಜಿಟಿ3 ಆರ್‌ಎಸ್ ಬಂತು. ಆಟೊಮ್ಯಾಟಿಕ್ ಗೇರು, 500 ಅಶ್ವಶಕ್ತಿ, 100 ಕಿ.ಮೀ.ಗೆ 3.3 ಸೆಕೆಂಡು. ಮರುವರ್ಷ ಅದೇ ಎಂಜಿನ್ ಇಟ್ಟು 911 ಆರ್ ಅಂತ ಬಿಟ್ಟರು. ಕ್ಲಚ್ ತುಳಿದು ಕೈಯಲ್ಲೇ ಗೇರು ಹಾಕಬೇಕು, ಹಿಂದೆ ದೊಡ್ಡ ರೆಕ್ಕೆ ಇಲ್ಲ, 100 ಕಿ.ಮೀ.ಗೆ 3.8 ಸೆಕೆಂಡು. ಅಂದ್ರೆ ಅರ್ಧ ಸೆಕೆಂಡು ನಿಧಾನ. ಹೆಸರು ತಗೊಂಡಿದ್ದು 1967ರ ಹಗುರ ರೇಸ್ ಕಾರಿನಿಂದ. 991 ಕಾರು ಮಾತ್ರ ಮಾಡಿದ್ರು, ಎಲ್ಲ ಖಾಲಿ. ಕೆಲವೇ ತಿಂಗಳಲ್ಲಿ ಮರುಮಾರಾಟಕ್ಕೆ ಷೋರೂಮ್ ಬೆಲೆಯ ಎರಡು ಪಟ್ಟಿಗೂ ಹೆಚ್ಚು ಕೇಳೋಕೆ ಶುರು ಮಾಡಿದ್ರು. ಆಮೇಲೆ ಪೋರ್ಶೆ ಜಿಟಿ3 ಕಾರಿಗೂ ಕೈಗೇರನ್ನ ವಾಪಸ್ ತಂದಿತು. ನಿಧಾನ ಅನ್ನೋದು ಇಲ್ಲಿ ಕೊರತೆ ಆಗಲೇ ಇಲ್ಲ, ಓಡಿಸೋನಿಗೆ ಕೆಲಸ ಕೊಡೋದೇ ಮುಖ್ಯವಾಯ್ತು.

‘ಉದ್ದೇಶ’ ಅಂತ ನಾನು ಹೇಳೋದು ಇದನ್ನೇ. ಕಾರಿನ ಒಂದೊಂದು ಭಾಗವೂ ಅಲ್ಲಿ ಯಾಕಿದೆ ಅನ್ನೋದಕ್ಕೆ ಉತ್ತರ ಇರಬೇಕು. ಎಂಜೊ ಫೆರಾರಿ ಬದುಕಿದ್ದಾಗ ಒಪ್ಪಿಗೆ ಕೊಟ್ಟ ಕೊನೆಯ ಕಾರು 1987ರ ಎಫ್40. ಅದರೊಳಗೆ ಕಾರ್ಪೆಟ್ ಇಲ್ಲ, ಬಾಗಿಲು ತೆರೆಯೋಕೆ ಹಿಡಿಕೆ ಬದಲು ಒಂದು ದಾರ. ಎಲ್ಲ ತೂಕ ಇಳಿಸೋಕೆ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಗಾರ್ಡನ್ ಮರ್‍ರೆ ವಿನ್ಯಾಸ ಮಾಡಿದ ಮೆಕ್ಲಾರೆನ್ ಎಫ್1 ಕಾರಿನಲ್ಲಿ ಚಾಲಕನ ಸೀಟು ನಟ್ಟನಡುವೆ ಇದೆ. ಎಂಜಿನ್ ಕೋಣೆಗೆ ಚಿನ್ನದ ಹಾಳೆ ಹೊದಿಸಿರೋದು ಶೋಕಿಗಲ್ಲ, ಬಿಸಿಯನ್ನ ಹಿಂದಕ್ಕೆ ತಳ್ಳೋಕೆ. ರಸ್ತೆಗೆ ಅಂತ ಮಾಡಿದ ಆ ಕಾರಿನ ರೇಸ್ ರೂಪ 1995ರಲ್ಲಿ ಫ್ರಾನ್ಸ್‌ನ ಲ ಮಾನ್ 24 ಗಂಟೆಗಳ ರೇಸನ್ನೇ ಗೆದ್ದುಬಿಟ್ಟಿತು. ಮರ್‍ರೆ ಅವರ ಈಚಿನ ಕಾರುಗಳಲ್ಲಿ ಒಂದು ಟಿ.50. ಅದರ ಹಿಂಬದಿಯಲ್ಲಿ ಒಂದು ಫ್ಯಾನ್ ಇದೆ. ಆ ಯೋಚನೆ ಅವರದೇ 1978ರ ಬ್ರಾಭಮ್ ರೇಸ್ ಕಾರಿನಿಂದ ಬಂದದ್ದು. ಒಂದು ಸಾವಿರ ಕೆ.ಜಿ.ಗಿಂತ ಕಡಿಮೆ ತೂಕ, ಕೈಗೇರು, ಒಟ್ಟು 100 ಕಾರು. ಚರಿತ್ರೆ, ಉದ್ದೇಶ ಎರಡೂ ಒಂದೇ ಕಡೆ ಸಿಕ್ಕರೆ ಹೀಗಿರುತ್ತೆ.

ಇಷ್ಟು ಹೇಳಿದ ಮೇಲೆ ಒಂದು ಕಹಿ ಮಾತನ್ನೂ ಹೇಳಲೇಬೇಕು. 2021ರಲ್ಲಿ ಅಮೆರಿಕದ ಪೆಬಲ್ ಬೀಚ್‌ನಲ್ಲಿ ಒಂದು ಮೆಕ್ಲಾರೆನ್ ಎಫ್1 ಎರಡು ಕೋಟಿ ಡಾಲರ್ ದಾಟಿ ಮಾರಾಟವಾಯ್ತು. ಹುಟ್ಟಿ ಇಪ್ಪತ್ತೈದು ವರ್ಷ ಕಳೆದಿದ್ದ ಆ ಕಾರು ಓಡಿದ್ದೆಷ್ಟು ಗೊತ್ತಾ? 400 ಕಿ.ಮೀ.ಗೂ ಕಡಿಮೆ. ಬೆಂಗಳೂರಿಂದ ಹುಬ್ಬಳ್ಳಿಗೆ ಹೋಗೋಷ್ಟೂ ಇಲ್ಲ! ಓಡಿಸೋ ಸುಖಕ್ಕೇ ಅಂತ ಕಟ್ಟಿದ ಕಾರಿಗೆ, ಓಡಿಸದೆ ಇಟ್ಟಿದ್ದಕ್ಕೆ ಅಷ್ಟು ಬೆಲೆ. ಪರಂಪರೆಯ ಹೆಸರಲ್ಲಿ ಕಾರು ಲಾಕರಿನ ಒಡವೆ ಆಗಿಬಿಡೋ ಅಪಾಯ ಇದು. ಅಶ್ವಶಕ್ತಿ ಹೋಗಿ ಮೀಟರಿನ ಸೊನ್ನೆಗಳು ಬಂದ್ರೆ, ನಾವು ಮತ್ತೆ ಅಂಕಿಯನ್ನೇ ಪೂಜಿಸ್ತಿದ್ದೀವಿ ಅಂತಲೇ ಅರ್ಥ ಅಲ್ವಾ?

ಇದಕ್ಕೆ ವಿರುದ್ಧ ಉದಾಹರಣೆಯೂ ಇದೆ. ‘ಮಿಸ್ಟರ್ ಬೀನ್’ ಖ್ಯಾತಿಯ ರೋವನ್ ಅಟ್ಕಿನ್ಸನ್ 1997ರಲ್ಲಿ ಇದೇ ಎಫ್1 ಕಾರು ಕೊಂಡ್ರು. ಎರಡು ಸಲ ಅಪಘಾತ. 2011ರ ಅಪಘಾತದ ನಂತರ ರಿಪೇರಿಗೆ ವಿಮೆ ಕಂಪನಿ ಕೊಟ್ಟಿದ್ದು 9 ಲಕ್ಷ ಪೌಂಡಿಗೂ ಹೆಚ್ಚು. 2015ರಲ್ಲಿ ಮಾರುವಾಗ ಕಾರು 65 ಸಾವಿರ ಕಿ.ಮೀ. ದಾಟಿತ್ತು. ಆದ್ರೂ ಸುಮಾರು 80 ಲಕ್ಷ ಪೌಂಡ್ ಬಂತು, ಕೊಂಡದ್ದಕ್ಕಿಂತ ಹತ್ತು ಪಟ್ಟಿಗೂ ಮೇಲೆ. ಗಾಯವೂ ಆ ಕಾರಿನ ಚರಿತ್ರೆಯೊಳಗೆ ಸೇರಿಕೊಂಡಿತು.

ನನ್ನ ಅಭಿಪ್ರಾಯ ಕೇಳಿದ್ರೆ, ಪರಂಪರೆಯನ್ನ ನಿಜವಾಗಿ ಉಳಿಸೋನು ಅಟ್ಕಿನ್ಸನ್ ಥರದ ಮಾಲೀಕ. 36 ಜಿಟಿಒಗಳಿಗೆ ಇವತ್ತು ಇಷ್ಟು ಮರ್ಯಾದೆ ಇರೋದು 1962ರಲ್ಲಿ ಯಾರೋ ಅವುಗಳನ್ನ ಬಟ್ಟೆ ಹೊದಿಸಿ ಇಡದೆ ರೇಸಿಗೆ ಇಳಿಸಿದ್ದಕ್ಕೆ. ಇವತ್ತಿನ ಕಾರುಗಳೂ ಹಾಗೆ ರಸ್ತೆಗೆ ಇಳಿದರೆ ಮಾತ್ರ ಐವತ್ತು ವರ್ಷದ ನಂತರ ಹೇಳೋಕೆ ಒಂದು ಕಥೆ ಇರುತ್ತೆ. ನೀವೇನಂತೀರಿ, ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.