ಕಾನೂನು ಒಪ್ಪಿದರೂ ಬ್ಯಾಂಕು ಒಪ್ಪಬೇಕು

ವಯಸ್ಕರ ದೃಶ್ಯಸಾಮಗ್ರಿಗೆ ಹೆಸರಾದ ಲಂಡನ್ನಿನ ಓನ್ಲಿಫ್ಯಾನ್ಸ್ ಸಂಸ್ಥೆಯು, ಲೈಂಗಿಕ ದೃಶ್ಯಗಳನ್ನು ಅಕ್ಟೋಬರ್ 1ರಿಂದ ನಿಷೇಧಿಸುವುದಾಗಿ 2021ರ ಆಗಸ್ಟ್ 19ರಂದು ಪ್ರಕಟಿಸಿತು. ಅದು ಸರ್ಕಾರದ ಆಜ್ಞೆಯಾಗಿರಲಿಲ್ಲ. ಬ್ಯಾಂಕುಗಳ ಒತ್ತಡವೆಂದು ಸಂಸ್ಥೆಯೇ ತಿಳಿಸಿತು.

ಬ್ಯಾಂಕುಗಳ ಅಂಜಿಕೆಗೆ ಹೆಸರು ಕೆಡುವ ಭಯವೊಂದೇ ಕಾರಣವಲ್ಲ. ಕಾರ್ಡಿನ ಹಣವು ವ್ಯಾಪಾರಿಯ ಪರವಾಗಿ ಅದನ್ನು ಪಡೆಯುವ ಬ್ಯಾಂಕಿನ ಮೂಲಕವೇ ಬರಬೇಕು. ಗ್ರಾಹಕನು ‘ಈ ಖರ್ಚು ನನ್ನದಲ್ಲ’ ಎಂದು ತಕರಾರು ಹೂಡಿ ಗೆದ್ದರೆ ಹಣ ಹಿಂದಿರುಗುತ್ತದೆ. ವ್ಯಾಪಾರಿ ದಿವಾಳಿಯಾಗಿದ್ದರೆ ನಷ್ಟ ಆ ಬ್ಯಾಂಕಿನದು. ಈ ವ್ಯವಹಾರದಲ್ಲಿ ತಕರಾರುಗಳು ಹೆಚ್ಚು, ಮನೆಯವರ ಕಣ್ಣಿಗೆ ಬಿಲ್ಲು ಬಿದ್ದಾಗಲಂತೂ ಹೇಳಬೇಕಿಲ್ಲ. ಆದುದರಿಂದಲೇ ಶುಲ್ಕವೂ ಅಧಿಕ. ಮಾರಾಟದ ಹಣದಲ್ಲಿ ಒಂದು ಪಾಲನ್ನು ತಿಂಗಳುಗಟ್ಟಲೆ ತಡೆಹಿಡಿಯುವುದೂ ಉಂಟು. ಮಾಸ್ಟರ್‌ಕಾರ್ಡ್ 2021ರ ಅಕ್ಟೋಬರ್ 15ರಿಂದ, ದೃಶ್ಯದಲ್ಲಿರುವವರ ವಯಸ್ಸು, ಗುರುತು ಹಾಗೂ ಸಮ್ಮತಿಯ ದಾಖಲೆಗಳನ್ನು ಕಡ್ಡಾಯಗೊಳಿಸಿತು.

ಓನ್ಲಿಫ್ಯಾನ್ಸ್ ಆರೇ ದಿನಗಳಲ್ಲಿ, ಬೇಕಾದ ಭರವಸೆಗಳು ದೊರೆತವೆಂದು ತಿಳಿಸಿ, ನಿಷೇಧವನ್ನು ಕೈಬಿಟ್ಟಿತು.